ಅರವತ್ತೊಂದನೆಯ ಮರ ಪೂರ್ತಿ ಕೆಂಪಾಗಿತ್ತು

ಅಕ್ಟೋಬರ್ 3, ಶುಕ್ರವಾರ (ಮದುವೆಯಾಗಿ ಹತ್ತೊಂಬತ್ತನೆಯ ದಿನ!)

ನನ್ನ ಗಂಡ ಮರಗಳ ಫೋಟೋ ತೆಗೆಯುತ್ತಾರೆ! ಹೀಗೆಂದು ಬರೆದು ಒಂದು ಸಲ ಓದಿಕೊಂಡೆ. ಇನ್ನೊಂದು ಸಲ ಬರೆಯಲೇ? ನನ್ನ ಗಂಡ ಮರಗಳ ಫೋಟೋ ತೆಗೆಯುತ್ತಾರೆ! ಗೆಳತಿಯರ ಗಂಡಂದಿರು ವಿಮೆ ಮಾಡಿಸುತ್ತಾರೆ, ಹಲ್ಲು ಕೀಳುತ್ತಾರೆ, ಬ್ಯಾಂಕಿನಲ್ಲಿ ಕೂತು ಬೇರೆಯವರ ಸಹಿ ನೋಡುತ್ತಾರೆ. ನನ್ನವರು ಮಾತ್ರ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಬೀದಿ ಬೀದಿ ಸುತ್ತಿ ಮರಗಳನ್ನು ನೋಡುತ್ತಾರೆ. ಅದಕ್ಕೆ ಸಂಬಳ ಬೇರೆ!

ಮದುವೆಗೆ ಮುಂಚೆ 'ನಗರಸಭೆಯ ಉದ್ಯಾನ ವಿಭಾಗದಲ್ಲಿ ಕೆಲಸ' ಎಂದಷ್ಟೇ ಹೇಳಿದ್ದರು. ಹುಲ್ಲು ಕತ್ತರಿಸುವ ಕೆಲಸ ಇರಬೇಕು, ಇರಲಿ, ಕಣ್ಣು ಚೆನ್ನಾಗಿವೆ ಎಂದು ನಾನು ಒಪ್ಪಿಕೊಂಡಿದ್ದೆ. ಈಗ ನೋಡಿದರೆ ಕಲಾವಿದ! ಈ ಪುಸ್ತಕದಲ್ಲಿ ಅವರಿಗೆ ಅದೇ ಹೆಸರು, 'ಕಲಾವಿದರು'.

ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಪ್ರತಿ ವರ್ಷ 'ಶರತ್ಕಾಲ' ಎಂಬ ಪ್ರಬಂಧ ಬರೆಸುತ್ತಿದ್ದರು. ನಮ್ಮೂರಿನ ಮರಗಳಿಗೆ ವರ್ಷವಿಡೀ ಒಂದೇ ಬಣ್ಣ. ಎಲೆ ಕೆಂಪಾಗುವುದನ್ನು ಕಣ್ಣಾರೆ ಕಂಡವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ, ಟೀಚರ್ ಸೇರಿ. ಆದರೂ ಮೂರು ವರ್ಷ ನನಗೇ ಮೊದಲ ಬಹುಮಾನ. ಉರಿಯುವ ಕಾಡು, ಬಂಗಾರದ ಮಳೆ, ಹೀಗೆ ವಾಕ್ಯಕ್ಕೊಂದು ಉಪಮೆ ಇದ್ದರೆ ಟೀಚರ್ ಅಂಚಿನಲ್ಲಿ ನಕ್ಷತ್ರ ಬರೆಯುತ್ತಿದ್ದರು. ಈಗ ಆ ಶರತ್ಕಾಲದ ಊರಿಗೇ ಸೊಸೆಯಾಗಿ ಬಂದಿದ್ದೇನೆ. ನನ್ನ ಅದೃಷ್ಟಕ್ಕೆ ನನಗೇ ಹೊಟ್ಟೆಕಿಚ್ಚು!

ಅತ್ತೆಗೆ 'ವಾರ್ಡನ್' ಎಂದು ಹೆಸರಿಟ್ಟಿದ್ದೇನೆ. ಪಾಪ, ಒಳ್ಳೆಯವರೇ. ಆದರೆ ಬೆಳಿಗ್ಗೆ ಆರಕ್ಕೆ ಪರದೆಗಳನ್ನು ಸರ್ರನೆ ಎಳೆಯುವ ರೀತಿ ಇದೆಯಲ್ಲ, ಅದು ಥೇಟ್ ಹಾಸ್ಟೆಲಿನದು.

"ಏನಮ್ಮ, ಅದೇನು ಸದಾ ಗೀಚ್ತಿರ್ತೀಯ?" ಎಂದರು ಇವತ್ತು.

"ಏನಿಲ್ಲ ಅತ್ತೆ, ಸಾಮಾನಿನ ಪಟ್ಟಿ."

"ಅಷ್ಟುದ್ದ ಸಾಮಾನು ಇಡಕ್ಕೆ ಈ ಮನೇಲಿ ಜಾಗ ಎಲ್ಲಿದೆ?" ಎಂದು ಹೋದರು.

ಅಕ್ಟೋಬರ್ 6, ಸೋಮವಾರ (ಇಪ್ಪತ್ತೆರಡನೆಯ ದಿನ!)

ಕಲಾವಿದರ ಜೊತೆ ನನ್ನ ಮೊದಲ ದಿನ! ರಜೆ ಸಿಗದ್ದರಿಂದ ನಮಗೆ ಇದೇ ಮಧುಚಂದ್ರ. ಸ್ಟೇಷನ್ ರಸ್ತೆ. ಪ್ರತಿ ಮರದ ಕಾಂಡಕ್ಕೂ ಪುಟ್ಟ ತಗಡಿನ ಬಿಲ್ಲೆ ಹೊಡೆದು ನಂಬರ್ ಬರೆದಿದ್ದಾರೆ. ಇವತ್ತು 1ರಿಂದ 58.

ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು: ನಿರಾಶೆಯಾಯಿತು. 12 ಮತ್ತು 40 ಮೈತುಂಬ ಕೆಂಪಾಗಿ ನಿಂತಿವೆ, ಅವೆರಡು ಬಿಟ್ಟರೆ ಇಡೀ ರಸ್ತೆಯಲ್ಲಿ ಒಂದು ಕೆಂಪೆಲೆ ಇಲ್ಲ. ಎಲ್ಲ ಹಸಿರು. ಅದೂ ಎಂಥ ಹಸಿರು! 7 ಆಸ್ಪತ್ರೆಯ ಗೋಡೆ. 23 ಬೇಸಿಗೆ ಮುಗಿದದ್ದು ಇನ್ನೂ ಗೊತ್ತಾಗದ ಪೆದ್ದು. 31ರಿಂದ 39 ಒಂದೇ ಯೂನಿಫಾರಂ ತೊಟ್ಟು ಕ್ಲಾಸಿನಿಂದ ಹೊರಗೆ ನಿಲ್ಲಿಸಿದ ದಡ್ಡರ ಸಾಲು.

ಕಲಾವಿದರ ರೀತಿಯೂ ವಿಚಿತ್ರ. ಎಳೆ ಬಿಸಿಲು ಎಲೆಗಳ ಮೇಲೆ ಬಿದ್ದು ಇನ್ನೇನು ಸೊಗಸಾಯಿತು ಎನ್ನುವಾಗ ಕ್ಯಾಮೆರಾ ಇಳಿಸಿಬಿಡುತ್ತಾರೆ. ಮೋಡ ಬರಲಿ ಎಂದು ಕಾಯುತ್ತಾರೆ.

"ಬಿಸಿಲಿದ್ರೆ ಬಣ್ಣ ಸುಳ್ಳು ಹೇಳುತ್ತೆ ಕಣೇ."

"ಹೇಳ್ಲಿ ಬಿಡ್ರೀ, ಚೆನ್ನಾಗಿ ಹೇಳುತ್ತಲ್ಲ!"

ನಕ್ಕರು. ಆಮೇಲೆ ನನ್ನ ಕೈಗೆ ಒಂದು ಹಲಗೆ ಕೊಟ್ಟರು. ಬಿಳಿ, ಬೂದು, ಕಪ್ಪು, ಪಕ್ಕದಲ್ಲಿ ಕೆಂಪು, ಹಸಿರು, ಹಳದಿ ಚೌಕಗಳು. ಅದು ಪ್ರತಿ ಫೋಟೋದಲ್ಲೂ ಮರದ ಪಕ್ಕ ಕಾಣಬೇಕಂತೆ. ಹೊಸ ಹೆಂಡತಿಯನ್ನು ಮರದ ಹತ್ತಿರ ನಿಲ್ಲಿಸಿ "ಸ್ವಲ್ಪ ಆ ಕಡೆ ಸರಿ, ನೀನು ಬೀಳ್ತಿದೀಯ ಫೋಟೋದಲ್ಲಿ" ಎಂದ ಗಂಡ ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು.

ಇದೆಲ್ಲ ಯಾಕೆಂದು ವಿವರಿಸಿದರು ಕೂಡ. ಹದಿನಾಲ್ಕನೇ ತಾರೀಖು, ಅರ್ಧಕ್ಕಿಂತ ಹೆಚ್ಚು, ಬೇರು, ಗಾಳಿ, ಏನೇನೋ. ಕಲಾವಿದರ ಕಿವಿ ಚಳಿಗೆ ತುದಿಯಿಂದ ಕೆಂಪಾಗುತ್ತ ಬರುತ್ತದೆ, ನಾನು ಅದನ್ನೇ ನೋಡುತ್ತಿದ್ದೆ. ಈ ರಸ್ತೆಯಲ್ಲಿ ಶರತ್ಕಾಲ ಬಂದಿರುವುದು ಆ ಎರಡು ಕಿವಿಗಳಿಗೆ ಮಾತ್ರ!

ಅಕ್ಟೋಬರ್ 9, ಗುರುವಾರ (ಇಪ್ಪತ್ತೈದನೆಯ ದಿನ!)

ಕಾಲುವೆ ರಸ್ತೆ, 59ರಿಂದ 120. 61 ಮತ್ತು 97 ಬಿಟ್ಟು ಉಳಿದದ್ದೆಲ್ಲ ಕಾಲುವೆಯ ಪಾಚಿಯ ಬಣ್ಣ. ಬೇಸರ, ಬೇಸರ, ಬೇಸರ. 88 ಅಂತೂ ಹಸಿರು ಸ್ವೆಟರ್ ಬಿಚ್ಚಲು ಒಪ್ಪದೆ ಹಟ ಹಿಡಿದ ಮಗು.

ಆದರೆ 61! ಆ ಮರದ ಬುಡದಲ್ಲಿ ಒಬ್ಬ ಅಜ್ಜ ಸೈಕಲ್ ರಿಪೇರಿ ಮಾಡುತ್ತಾರೆ. ಕಾಂಡಕ್ಕೆ ಹೊಡೆದ ಒಂದೇ ಮೊಳೆಗೆ ಟ್ಯೂಬುಗಳು, ಪಂಪು, ಅಂಗಿ, ಊಟದ ಚೀಲ ಎಲ್ಲ ನೇತುಹಾಕಿದ್ದಾರೆ. ಮೂವತ್ತೆರಡು ವರ್ಷದಿಂದ ಅಲ್ಲೇ. ನನ್ನನ್ನು ನೋಡಿ "ಬಾ ಮದುಮಗಳೇ, ಕೂತ್ಕೋ" ಎಂದು ಕವುಚಿದ ಬಕೆಟ್ಟನ್ನು ಒರೆಸಿ ಕೊಟ್ಟರು. ಮದುಮಗಳೇ! ನನಗೆ ಅಳುವೇ ಬಂತು.

"ಈ ಮರ ನಿಮ್ಮದಾ ಅಜ್ಜ?" ಎಂದೆ.

"ನಾನು ಅದರವನು. ಬಿಸಿಲಿಗೆ ಅದು, ಮಳೆಗೆ ಅದು. ಮಾತಾಡಲ್ಲ, ಅದೊಂದು ಪುಣ್ಯ. ಮನೇಲಿ ಅಜ್ಜಿ ಇದ್ದಾಳಲ್ಲ ಅದಕ್ಕೆ."

ಅಂಥವರ ಮರವನ್ನು ಸುಮ್ಮನೆ ಹೇಗೆ ಬರೆಯುವುದು? 61 ಬೇರಿನಿಂದ ತುದಿಯವರೆಗೆ ಪೂರ್ತಿ ಕೆಂಪಾಗಿತ್ತು. ಒಂದೊಂದು ಎಲೆಯೂ ಒಂದೊಂದು ದೀಪ. ಸೂರ್ಯನೇ ದಾರಿ ತಪ್ಪಿ ಬಂದು ಸೈಕಲ್ ಅಂಗಡಿಯ ಮೇಲೆ ಕೂತಂತೆ, ಇಡೀ ಮರ ಧಗಧಗ ಉರಿಯುತ್ತಿತ್ತು! ಈ ಪುಸ್ತಕದಲ್ಲಿಡಲು ಒಂದು ಕೆಂಪೆಲೆ ಬೇಕು ಎಂದೆ. ಅಜ್ಜ ಪಕ್ಕದಂಗಡಿಯ ಏಣಿ ತಂದು, ಹತ್ತಿ, ಕೈ ನಿಲುಕಿಸಿ ಒಂದನ್ನು ಕಿತ್ತುಕೊಟ್ಟರು. ಇಗೋ, ಈ ಪುಟದಲ್ಲೇ ಇದೆ.

ಅಕ್ಟೋಬರ್ 13, ಸೋಮವಾರ

ಅಂಚೆ ಕಚೇರಿ ರಸ್ತೆ, 121ರಿಂದ 180. ತುಂತುರು ಮಳೆ. 150 ಕೆಂಪು. ಉಳಿದ ಐವತ್ತೊಂಬತ್ತು ಹಸಿರು, ಹಸಿರು, ಹಸಿರು. ಇನ್ನು ಉಪಮೆ ಹುಡುಕುವ ಶಕ್ತಿ ಇಲ್ಲ. ಛತ್ರಿಯನ್ನು ಕಲಾವಿದರು ಕ್ಯಾಮೆರಾಕ್ಕೆ ಹಿಡಿದರು, ಕ್ಯಾಮೆರಾ ಒಣಗಿತ್ತು, ಅವರು ನೆನೆದರು. ಈಗ ಸೀನುತ್ತಿದ್ದಾರೆ.

ಅಕ್ಟೋಬರ್ 14, ಮಂಗಳವಾರ (ಮೂವತ್ತು ದಿನ! ಒಂದು ತಿಂಗಳು!!)

ಕಲಾವಿದರಿಗೆ ಜ್ವರ. ಆದರೆ ಈ ದಿನ ಎಷ್ಟು ಚೆನ್ನಾಗಿ ಕಳೆಯಿತು ಎಂದು ಹೇಳಿದರೆ ಜ್ವರದವರ ಹೆಂಡತಿ ಹೀಗನ್ನಬಹುದೇ ಎಂದು ವಾರ್ಡನ್ ಕೇಳುತ್ತಾರೆ.

ಬೆಳಿಗ್ಗೆ ಅವರು ಕಂಬಳಿಯೊಳಗಿಂದ, "ಲ್ಯಾಪ್‌ಟಾಪಲ್ಲಿ ಮೂರು ರಸ್ತೆ ಫೋಟೋನೂ ಇದೆ. ಪೆನ್ ಡ್ರೈವಿಗೆ ಹಾಕಿ ನಾಲ್ಕು ಗಂಟೆ ಒಳಗೆ ಆಫೀಸಲ್ಲಿ ಗುಮಾಸ್ತರ ಕೈಗೆ ಕೊಟ್ಟು ಬರ್ತೀಯಾ?" ಎಂದರು. ಕೊಡುತ್ತೇನೆ ಎಂದೆ. ಅಷ್ಟೇ ಹೇಳಿದೆ!

ಫೋಟೋ ತೆರೆದು ನೋಡಿದರೆ ಅಯ್ಯೋ ದೇವರೇ. ನೂರ ಎಂಬತ್ತು ಮರಗಳು, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ. ಮೇಲೆ ಆ ಹಲಗೆ ಬೇರೆ! ಇಷ್ಟು ಒಳ್ಳೆಯ ಮನುಷ್ಯನ ಪ್ರತಿಭೆಯನ್ನು ಆಫೀಸಿನವರು ಗುರುತಿಸದೆ ಇರುವುದಕ್ಕೆ ಕಾರಣ ಗೊತ್ತಾಯಿತು. ಒಂದು ತಿಂಗಳ ಉಡುಗೊರೆ ಏನು ಕೊಡಲಿ ಎಂದು ವಾರದಿಂದ ಯೋಚಿಸುತ್ತಿದ್ದೆ. ಅದೂ ಗೊತ್ತಾಯಿತು.

ಬಣ್ಣ ತಿದ್ದುವುದನ್ನು ಕಾಲೇಜಿನಲ್ಲೇ ಕಲಿತಿದ್ದೇನೆ. ಒಂದು ಗೆರೆಯನ್ನು ಬಲಕ್ಕೆ ಎಳೆದರೆ ಹಸಿರು ಹಳದಿಯಾಗುತ್ತದೆ, ಇನ್ನಷ್ಟು ಎಳೆದರೆ ಕೇಸರಿ, ಉಸಿರು ಬಿಗಿಹಿಡಿದು ಇನ್ನೊಂದು ಕೂದಲಷ್ಟು ಎಳೆದರೆ ಕೆಂಪು! ಮೊದಲು ಅಜ್ಜನ 61. ಇಲ್ಲಿ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಅದಕ್ಕೆ ಸರಿಯಾಗಿ ಮಾಡಿದೆ. ಆಮೇಲೆ 7, 23, 31ರ ದಡ್ಡರ ಸಾಲು, ಹಟಮಾರಿ 88. ಒಟ್ಟು ನಲವತ್ತನಾಲ್ಕು ಆಗುವಷ್ಟರಲ್ಲಿ ಗಂಟೆ ಮೂರು. ಹಲಗೆಯನ್ನು ಎಲ್ಲದರಿಂದಲೂ ಕತ್ತರಿಸಿ ತೆಗೆದೆ. ನಂಬರ್ ಫೈಲಿನ ಹೆಸರಿನಲ್ಲೇ ಇದೆಯಲ್ಲ. ಸೇವ್, ಸೇವ್, ಸೇವ್!

ಮೂರೂ ನಲವತ್ತಕ್ಕೆ ಗುಮಾಸ್ತರ ಕೈಗೆ ಕೊಟ್ಟೆ. ದಪ್ಪ ಕನ್ನಡಕದವರು. "ಓ, ಹೊಸ ಸೊಸೆ," ಎಂದು ರಸೀದಿ ಬರೆದುಕೊಟ್ಟರು. ಕಲಾವಿದರಿಗೆ ಹೇಳಿಲ್ಲ. ತಾನಾಗಿ ಗೊತ್ತಾಗಲಿ. ಆಗ ಆ ಮುಖ ನೋಡಬೇಕು!

ಅಕ್ಟೋಬರ್ 24, ಶುಕ್ರವಾರ (ನಲವತ್ತನೆಯ ದಿನ!)

ಗೊತ್ತಾಯಿತು! ಅಂದರೆ ಅರ್ಧ ಗೊತ್ತಾಯಿತು!

ಕಲಾವಿದರು ಈಗ ಊರಾಚೆಯ ಸಸಿತೋಟದಲ್ಲಿ ಸಸಿ ಎಣಿಸುತ್ತಾರೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಕತ್ತಲಾದ ಮೇಲೇ ಬರುವುದು. ಇವತ್ತು ಬಂದು ಶೂ ಬಿಚ್ಚುತ್ತ, "ಮೇಡಂ ಫೋನ್ ಮಾಡಿದ್ರು. ಫೋಟೋ ಬಹಳ ಚೆನ್ನಾಗಿವೆ ಅಂದ್ರು" ಎಂದರು. ಮೇಡಂ ಎಂದರೆ ಇವರ ಮುಖ್ಯಸ್ಥೆ. "ಆರು ವರ್ಷದಲ್ಲಿ ಯಾರೂ ಹಾಗೆ ಅಂದಿರ್ಲಿಲ್ಲ. ಚೆನ್ನಾಗಿರೋ ಅಂಥದ್ದು ಅದರಲ್ಲಿ ಏನಿತ್ತು ಅಂತ."

ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ.

"ಮುಂದಿನ ವರ್ಷದ ಕ್ಯಾಲೆಂಡರಿಗೆ ಹಾಕ್ತಾರಂತೆ. ಅಕ್ಟೋಬರ್ ಪುಟಕ್ಕೆ ಅರವತ್ತೊಂದು."

"ಅಜ್ಜನ ಮರ!" ಎಂದು ಕಿರುಚಿದೆ. ಅತ್ತೆ ಒಳಗಿಂದ "ಏನು ಬಿತ್ತು?" ಎಂದರು.

ನವೆಂಬರ್ 3, ಸೋಮವಾರ (ಐವತ್ತನೆಯ ದಿನ!)

ಈಗ ಬಂತು ನೋಡಿ ನಿಜವಾದ ಶರತ್ಕಾಲ! ಮೂರು ರಸ್ತೆಯೂ ಕೆಂಪು, ಕೇಸರಿ, ತಾಮ್ರ. ಇಷ್ಟು ದಿನ ಎಲ್ಲಿದ್ದಿರೋ ಕತ್ತೆಗಳಾ ಎಂದು ಮರಗಳನ್ನು ಕೇಳುತ್ತ ನಡೆದೆ.

ಇನ್ನೊಂದು ಸಂತೋಷ. ಕೆಲವು ಮರಗಳಿಗೆ ಸೊಂಟದೆತ್ತರದಲ್ಲಿ ಬಿಳಿ ಬಣ್ಣದ ಬಳೆ ತೊಡಿಸಿದ್ದಾರೆ! ಎಣಿಸಿದೆ, ನಲವತ್ತೆಂಟು. ನಾನು ಸಿಂಗರಿಸಿದ ನಲವತ್ತನಾಲ್ಕೂ ಇವೆ, ಮೊದಲೇ ಕೆಂಪಾಗಿದ್ದ ನಾಲ್ಕೂ ಇವೆ. ಒಂದೂ ಬಿಟ್ಟಿಲ್ಲ! ನಗರಸಭೆಗೂ ನನಗೂ ಎಂಥ ಒಂದೇ ರುಚಿ! ಅಜ್ಜನ ಅಂಗಡಿಗೆ ನಾಳೆ ಹೋಗಿ ಕ್ಯಾಲೆಂಡರಿನ ವಿಷಯ ಹೇಳಬೇಕು.

ನವೆಂಬರ್ 4, ಮಂಗಳವಾರ

"ಅಜ್ಜಾ, ನಿಮ್ಮ ಮರಕ್ಕೂ ಬಳೆ ತೊಡಿಸಿದಾರೆ!" ಎಂದೆ.

ಅಜ್ಜ ತಲೆ ಎತ್ತದೆ ಪಂಕ್ಚರ್ ಹುಡುಕುತ್ತಿದ್ದರು. "ಬಳೆ ಅಲ್ಲ ಮದುಮಗಳೇ. ಗರಗಸ ಇಡೋ ಜಾಗ."

ಹದಿನೆಂಟಕ್ಕೆ ಕಡಿಯಲು ಬರುತ್ತಾರಂತೆ. "ಫೋಟೋದಲ್ಲಿ ಪೂರ್ತಿ ಕೆಂಪಿದೆ, ಒಳಗೆ ರೋಗ ಅಂದ್ರು. ನಾನು ದಿನಾ ಇಲ್ಲೇ ಕೂರ್ತೀನಿ, ನಂಗೊಂದು ಮಾತು ಕೇಳಬಹುದಿತ್ತು. ನಿನ್ನ ಗಂಡನ್ನ ಸ್ವಲ್ಪ ವಿಚಾರಿಸ್ತೀಯಾ? ಅವರು ಹುಷಾರಿನ ಮನುಷ್ಯ, ತಪ್ಪು ಮಾಡೋರಲ್ಲ."

ವಿಚಾರಿಸುತ್ತೇನೆ ಎಂದೆ. ಕ್ಯಾಲೆಂಡರಿನ ವಿಷಯ ಹೇಳಲಿಲ್ಲ.

ನವೆಂಬರ್ 5, ಬುಧವಾರ

ನಿನ್ನೆ ಹೇಳಲಾಗಲಿಲ್ಲ. ಇವತ್ತು ಅವರು ಬಂದು ಮಂಚದ ಅಂಚಿಗೆ ಕೂತು ಒಂದು ಕಾಲಿನ ಸಾಕ್ಸ್ ಬಿಚ್ಚುವಾಗ ಹೇಳಿದೆ. ಇನ್ನೊಂದು ಕಾಲಿನದು ಹಾಗೇ ಉಳಿಯಿತು.

"ಹಲಗೆ?"

"ಕತ್ತರಿಸ್ದೆ. ನೋಡಕ್ಕೆ ಚೆನ್ನಾಗಿರ್ಲಿಲ್ಲ."

"ಮೊದಲಿನ ಫೋಟೋ ಇರುತ್ತಲ್ಲ?"

"ಅದರ ಮೇಲೇ ಸೇವ್ ಮಾಡ್ದೆ. ಕ್ಯಾಮೆರಾದಲ್ಲಿ ಇರಲ್ವಾ?"

"ಕ್ಯಾಮೆರಾ ದಿನಾ ಸಂಜೆ ಖಾಲಿ ಮಾಡ್ತೀನಿ."

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಮೊದಲ ದಿನ ರಸ್ತೆಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಬೇರಿಗೆ ಜಾಗ ಸಾಲದ ಮರ, ಒಳಗೆ ಕೊಳೆತ ಮರ ಉಳಿದವಕ್ಕಿಂತ ಬೇಗ ಕೆಂಪಾಗುತ್ತದೆ. ಅಕ್ಟೋಬರ್ ಹದಿನಾಲ್ಕರೊಳಗೆ ಅರ್ಧಕ್ಕಿಂತ ಹೆಚ್ಚು ಕೆಂಪಾದರೆ ಅದು ಗಾಳಿಗೆ ರಸ್ತೆಯ ಮೇಲೆ ಬೀಳಬಹುದಾದ ಮರ ಎಂದು ಲೆಕ್ಕ. ಗುಮಾಸ್ತರು ಫೋಟೋ ನೋಡಿ ಪಟ್ಟಿ ಮಾಡುತ್ತಾರೆ. ಪ್ರತಿ ವರ್ಷ ಐದಾರು ಇರುತ್ತವೆ. ಹಲಗೆ ಇದ್ದರೆ ಬಣ್ಣ ನಿಜವೋ ಸುಳ್ಳೋ ತಿಳಿಯುತ್ತದೆ. ಈ ಸಲ ಅದಿಲ್ಲದ್ದು ಯಾರ ಕಣ್ಣಿಗೂ ಬಿದ್ದಿಲ್ಲ.

ಈ ಸಲ ಪೂರ್ತಿ ಕೇಳಿಸಿಕೊಂಡೆ. ಇಷ್ಟೇ ಇತ್ತು. ಎರಡು ನಿಮಿಷದ ಮಾತು.

ನವೆಂಬರ್ 6, ಗುರುವಾರ

ಮೇಡಂ ಕೋಣೆ. ಗೋಡೆಯ ಮೇಲೆ ಕ್ಯಾಲೆಂಡರಿನ ಅಚ್ಚಿನ ಹಾಳೆ ಅಂಟಿಸಿದ್ದಾರೆ. ನಡುವೆ 61.

ಬಾಗಿಲು ದಾಟುತ್ತಲೇ ಇವರು "ಫೋಟೋ ತಿದ್ದಿದ್ದು ನಾನು ಮೇಡಂ" ಎಂದುಬಿಟ್ಟರು.

"ಇಲ್ಲ ಮೇಡಂ, ನಾನು" ಎಂದೆ.

"ಹೊರಗಡೆ ಬೆಂಚಿದೆ," ಎಂದರು ಮೇಡಂ. "ಇಬ್ಬರೂ ಕೂತು, ಯಾರು ಅಂತ ತೀರ್ಮಾನ ಮಾಡ್ಕೊಂಡು ಒಬ್ಬರೇ ಬನ್ನಿ."

ನಾನೇ ಹೋದೆ. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೋಡಿಮ್ಮ, ನಂಬಲ್ಲ ಅಂತಲ್ಲ. ಇವತ್ತು ಹೋಗಿ ನೋಡಿದ್ರೆ ಎಲ್ಲ ಮರಾನೂ ಕೆಂಪೇ. ಪಟ್ಟಿಗೆ ಸಹಿ ಆಗಿದೆ. ಬರೀ ಬಾಯಿ ಮಾತಿಗೆ ಮರ ಬಿಟ್ಟು, ನಾಳೆ ಅದು ಯಾರ ತಲೆ ಮೇಲಾದ್ರೂ ಬಿದ್ರೆ? ಆ ದಿನಗಳಲ್ಲೇ ಬರೆದಿಟ್ಟಿದ್ದು ಏನಾದ್ರೂ ಇದ್ರೆ ತನ್ನಿ. ತಾರೀಖು ಇರಬೇಕು, ಮರದ ನಂಬರ್ ಇರಬೇಕು."

ಇವರ ಪುಸ್ತಕದಲ್ಲಿ ನಂಬರ್ ಮತ್ತು ಗಂಟೆ ಮಾತ್ರ ಇದೆ. ಬಣ್ಣ ಬರೆದಿಲ್ಲ. ಬಣ್ಣಕ್ಕೆ ಫೋಟೋ ಇದೆಯಲ್ಲ ಎಂದು.

ಸಂಜೆ ಊಟ ಮುಗಿದಿತ್ತು. ತಟ್ಟೆ ತೊಳೆಯುತ್ತಿದ್ದ ಅತ್ತೆ, ಬೆನ್ನು ತಿರುಗಿಸದೆಯೇ, "ಆ ಸಾಮಾನಿನ ಪಟ್ಟಿ ಇದೆಯಲ್ಲಮ್ಮ. ಅದರಲ್ಲಿ ಮರ ಇಲ್ವಾ?" ಎಂದರು.

ಇದೆ. ಎಲ್ಲ ಇದೆ. ಅದೇ ಕಷ್ಟ.

ನವೆಂಬರ್ 7, ಶುಕ್ರವಾರ (ಪುಸ್ತಕ ಆಫೀಸಿನಲ್ಲೇ ಉಳಿದಿದೆ, ಇದು ಬಿಡಿ ಹಾಳೆಯಲ್ಲಿ)

ಗುಮಾಸ್ತರು ಗಟ್ಟಿಯಾಗಿ ಓದಿದರು. ಮೇಡಂ ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. ಇವರು ಕಿಟಕಿ ನೋಡುತ್ತಿದ್ದರು. ಅತ್ತೆಯೂ ಬಂದಿದ್ದರು. ಬರಬೇಡಿ ಎಂದಿದ್ದೆ.

"'ಇಪ್ಪತ್ತಮೂರು, ಬೇಸಿಗೆ ಮುಗಿದದ್ದು ಇನ್ನೂ ಗೊತ್ತಾಗದ ಪೆದ್ದು.' ಅಂದ್ರೆ ಹಸಿರು ಅಂತ ತಗೋಬಹುದಾ ಮೇಡಂ?"

"ತಗೊಳ್ಳಿ."

"'ಕಲಾವಿದರ ಕಿವಿ ಚಳಿಗೆ ತುದಿಯಿಂದ ಕೆಂಪಾಗುತ್ತ...' ಇದು ಎಷ್ಟನೇ ನಂಬರ್ ಮರ?"

"ಮರ ಅಲ್ಲ ಸಾರ್," ಎಂದೆ. "ಇವರು."

ಗುಮಾಸ್ತರು ಕನ್ನಡಕದ ಮೇಲಿಂದ ಇವರ ಕಿವಿ ನೋಡಿದರು. ಆಗಲೂ ಕೆಂಪಾಗಿದ್ದವು.

"ವಾರ್ಡನ್ ಯಾರು?" ಎಂದು ಕೇಳಿದರು ಆಮೇಲೆ.

"ಬಿಡಿ, ಮುಂದೆ ಓದಿ," ಎಂದರು ಅತ್ತೆ.

ಬೈದದ್ದೆಲ್ಲ ಲೆಕ್ಕಕ್ಕೆ ಬಂತು. ದಡ್ಡರ ಸಾಲು ಉಳಿಯಿತು. ಸ್ವೆಟರ್ ಬಿಚ್ಚದ 88 ಉಳಿಯಿತು. ಉಪಮೆ ಹುಡುಕುವ ಶಕ್ತಿ ಇಲ್ಲ ಎಂದು ಬರೆದ ರಸ್ತೆಯಲ್ಲಿ 150 ಒಂದನ್ನು ಬಿಟ್ಟು ಎಲ್ಲ ಉಳಿಯಿತು. ನಲವತ್ತಮೂರು.

ಆಮೇಲೆ ಗುಮಾಸ್ತರು ಒಂಬತ್ತನೇ ತಾರೀಖನ್ನು ಇನ್ನೊಂದು ಸಲ ಓದಿದರು. "'ಬೇರಿನಿಂದ ತುದಿಯವರೆಗೆ ಪೂರ್ತಿ ಕೆಂಪಾಗಿತ್ತು.' ನಂಬರ್ ಅರವತ್ತೊಂದು. ಫೋಟೋನೂ ಹಾಗೇ ಇದೆ, ಬರವಣಿಗೆನೂ ಹಾಗೇ ಇದೆ."

"ಅದು ಹಾಗಲ್ಲ ಸಾರ್. ಒಂದೇ ಒಂದು ಕೊಂಬೆ. ರಸ್ತೆ ಕಡೆಗಿತ್ತಲ್ಲ, ಅದರ ತುದಿ ಮಾತ್ರ. ಅಜ್ಜ ಒಳ್ಳೆಯವರು ಅಂತ ನಾನು ಸ್ವಲ್ಪ..."

"ಮಿಕ್ಕಿದ್ದೆಲ್ಲ ಇದ್ದ ಹಾಗೆ ಬರೆದು, ಇದೊಂದನ್ನ ಇಲ್ಲದ ಹಾಗೆ ಬರೆದ್ರಾ?"

"ಪೂರ್ತಿ ಕೆಂಪಿದ್ರೆ ಎಲೆ ಕೀಳಕ್ಕೆ ಏಣಿ ಯಾಕೆ ಬೇಕಿತ್ತು ಸಾರ್? ಹದಿನಾಲ್ಕಕ್ಕೆ ಅದನ್ನೇ ಮೊದಲು ಯಾಕೆ ತಿದ್ದಬೇಕಿತ್ತು? ಓದಿ, ಅದೂ ಇದೆ."

"ಎಷ್ಟು ತಿದ್ದಿದ್ರು ಅಂತ ಬರೆದಿಲ್ಲ. ಅದು ಊಹೆ ಮೇಡಂ," ಎಂದು ಅವರು ಪುಟದ ನಡುವಿನಿಂದ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಇದು ವಸ್ತು."

ಎಲೆ ಚೆನ್ನಾಗಿ ಒಣಗಿತ್ತು. ಅಂಚಿನವರೆಗೂ ಕೆಂಪು.

ಮೇಡಂ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೇ ಪುಸ್ತಕದಲ್ಲಿ ಅರ್ಧ ನಂಬಿ ಅರ್ಧ ಬಿಟ್ಟರೆ ನಾಳೆ ಉಳಿದ ನಲವತ್ತಮೂರಕ್ಕೂ ಯಾರಾದರೂ ತಕರಾರು ತೆಗೆಯುತ್ತಾರೆ ಎಂದರು. ಅದು ಸರಿ.  ಒಟ್ಟು ಐದು ಮರ ಕಡಿಯುತ್ತಾರೆ. ಪ್ರತಿ ವರ್ಷದಷ್ಟೇ ಆಯಿತು ಎಂದು ಗುಮಾಸ್ತರಿಗೆ ಸಮಾಧಾನ.

ಇವರಿಗೆ ಒಂದು ಎಚ್ಚರಿಕೆ ಪತ್ರ. ಕೆಲಸ ಉಳಿಯಿತು. ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, "ವಾರ್ಡನ್ ಜಾಗ ಕೊಟ್ಟಳು ಅಂತ ಬರ್ಕೋ" ಎಂದರು. ಬರೆದಿದ್ದೇನೆ.

ನವೆಂಬರ್ 10, ಸೋಮವಾರ

ಪುಸ್ತಕ ವಾಪಸ್ ಬಂತು. ಅಕ್ಟೋಬರಿನ ಪ್ರತಿ ಪುಟಕ್ಕೂ ನೀಲಿ ಮುದ್ರೆ. 'ಕಲಾವಿದರು' ಎನ್ನುವುದರ ಮೇಲೆ ಒಂದು, ಮೂವತ್ತನೇ ದಿನದ ಆಶ್ಚರ್ಯ ಚಿಹ್ನೆಗಳ ಮೇಲೆ ಒಂದು.

ಬೆಳಿಗ್ಗೆ ಅಜ್ಜನ ಹತ್ತಿರ ಹೋಗಿ ಎಲ್ಲ ಹೇಳಿದೆ. ಫೋಟೋ, ಪುಸ್ತಕ, ಎಲೆ. ಬಕೆಟ್ ಕೊಡಲಿಲ್ಲ, ನಾನೂ ಕೂರಲಿಲ್ಲ. ಅವರು ಅಂಗಿ ಹಾಕಿಕೊಂಡು ನನ್ನ ಜೊತೆ ಆಫೀಸಿಗೆ ಬಂದರು. "ಒಂದೇ ಕೊಂಬೆ ಸಾರ್. ಅದಕ್ಕೆ ಪ್ರತಿ ವರ್ಷ ಆತುರ" ಎಂದರು.

"ಎಲ್ಲಾದರೂ ಬರೆದಿಟ್ಟಿದೀರಾ?" ಎಂದು ಗುಮಾಸ್ತರು ಕೇಳಿದರು.

ಅಜ್ಜ ತಮ್ಮ ಕೈ ನೋಡಿಕೊಂಡರು. ಬೆರಳಿನ ಗೆರೆಗಳಲ್ಲಿ ಗ್ರೀಸ್ ಇತ್ತು.

ದಾರಿಯಲ್ಲಿ ಒಂದೇ ಮಾತು ಕೇಳಿದರು. "ಅಷ್ಟೊಂದು ಕೆಂಪು ನಿಂಗೆ ಯಾಕೆ ಬೇಕಿತ್ತು?"

ನವೆಂಬರ್ 18, ಮಂಗಳವಾರ. ಮೋಡ.

ಎಂಟೂ ಇಪ್ಪತ್ತಕ್ಕೆ ಬಂದರು. ನಾಲ್ಕು ಜನ, ಒಂದು ಲಾರಿ. ಕೊಂಬೆಗಳಿಗೆ ನಲವತ್ತು ನಿಮಿಷ, ಕಾಂಡಕ್ಕೆ ಹನ್ನೊಂದು. ಕೊನೆಗೆ ಇಳಿದದ್ದು ರಸ್ತೆ ಕಡೆಯ ಕೊಂಬೆ. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಉಳಿದ ಕೊಂಬೆಗಳಲ್ಲಿ ಇನ್ನೂ ಇದ್ದವು.

ಬುಡ ನನ್ನ ಎರಡು ತೋಳಿನಷ್ಟು ಅಗಲ. ನಸು ಹಳದಿ. ನಡುವೆ ಕೊಳೆತ ಇಲ್ಲ, ಟೊಳ್ಳು ಇಲ್ಲ, ಬಿರುಕು ಇಲ್ಲ. ಇವರು ಬಗ್ಗಿ ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಕ್ಯಾಮೆರಾ ತೆಗೆದರು. ನಾನು ಕೇಳದೆಯೇ ಹಲಗೆ ಹಿಡಿದೆ. ಬಿಸಿಲು ಬರುವಂತಿತ್ತು, ಮೋಡ ಮುಚ್ಚಲಿ ಎಂದು ಇಬ್ಬರೂ ಕಾದೆವು.

ಅಜ್ಜ ಮೊದಲೇ ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು.

ಡಿಸೆಂಬರ್ 1, ಸೋಮವಾರ. ಮೋಡ. ಗಾಳಿ ಇಲ್ಲ.

ಇತ್ತೀಚೆಗೆ ಈ ಪುಸ್ತಕ ಬಿಡಿಸಿದರೆ ಬರೆಯಲು ಏನೂ ಇಲ್ಲ ಅನ್ನಿಸುತ್ತದೆ. ಮದುವೆಯಾಗಿ ಎಷ್ಟನೆಯ ದಿನ ಎಂದು ಎಣಿಸಬೇಕು. ಆಮೇಲೆ ಎಣಿಸುತ್ತೇನೆ.

ಕ್ಯಾಲೆಂಡರ್ ಅಚ್ಚಾಗಿ ಬಂದಿದೆ. ನಮ್ಮ ಮನೆಗೆ ಎರಡು ಪ್ರತಿ. ಅಕ್ಟೋಬರಿನಲ್ಲಿ 61, ಕೆಳಗೆ 'ನಮ್ಮ ನಗರದ ಹೆಮ್ಮೆ' ಎಂದಿದೆ. ಒಂದು ಪ್ರತಿಯನ್ನು ಅಜ್ಜನಿಗೆ ಕೊಡಬೇಕೋ ಬೇಡವೋ ಎಂದು ಮೂರು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಕೊಟ್ಟೆ.

ಅವರು ಈಗ 62ರ ಕೆಳಗೆ ಕೂರುತ್ತಾರೆ. ಅದೇ ಮೊಳೆ. ಹಾಳೆ ತಿರುವಿ ಅಕ್ಟೋಬರ್ ತೆಗೆದರು. ತೋಳುದ್ದ ದೂರ ಹಿಡಿದು ನೋಡಿದರು.

"ಇದು ನಂದಾ?"

"ಹೂಂ ಅಜ್ಜ."

"ಚೆನ್ನಾಗಿದೆ. ಆದ್ರೆ ಇದಲ್ಲ." ಡಿಸೆಂಬರ್ ಇನ್ನೂ ಇದೆ, ಹೊಸದು ಈಗಲೇ ಬೇಡ ಎಂದು ಮಡಚಿ ಪೆಟ್ಟಿಗೆಯ ಅಡಿಗೆ ಇಟ್ಟರು. ಆಮೇಲೆ ಬಕೆಟ್ ಕವುಚಿ, ಒರೆಸಿ, ನನ್ನತ್ತ ತಳ್ಳಿದರು. ತಲೆಯ ಮೇಲಿನ ಮರಕ್ಕೆ ಗದ್ದ ತೋರಿಸಿ, "ಇದರ ಬಗ್ಗೆ ಒಳ್ಳೇದು ಎಲ್ಲೂ ಬರೀಬೇಡ ಮಗಳೇ. ಬರೀಲೇಬೇಕು ಅಂದ್ರೆ ಬೈದು ಬರಿ" ಎಂದರು.

ಬೈಯೋಣವೆಂದು ಅಲ್ಲೇ ಕೂತು ನೋಡಿದೆ.

62. ಬೆಳಿಗ್ಗೆ ಹತ್ತೂ ಹದಿನೈದು. ಕಾಂಡ ಬೂದು, ಕಾಲುವೆಯ ಕಡೆ ತುಸು ಬಾಗಿದೆ. ಆಳೆತ್ತರದಲ್ಲಿ ಒಂದು ಹಳೆಯ ಗಂಟು. ಹೊಸದಾಗಿ ಹೊಡೆದ ಮೊಳೆಯ ಸುತ್ತ ತೊಗಟೆ ಇನ್ನೂ ಹಸಿಯಾಗಿದೆ. ಎಲೆ ಹನ್ನೊಂದು ಉಳಿದಿವೆ. ಒಂಬತ್ತು ಕಂದು, ಎರಡರ ನಡುಗೆರೆಯಲ್ಲಿ ಹಸಿರಿದೆ. ಎರಡು ಸಲ ಎಣಿಸಿದೆ.